ಕಾಲು ಸುತ್ತು ತಿರುಗಿದ ಗಂಟೆ

ಮೊದಲು ಇಳಿದದ್ದು ಗಂಟೆಯಲ್ಲ, ಕಡ್ಡಿ.
ಮೂವತ್ತೆರಡು ವರ್ಷ ಕಾಗೆಗಳು ಕಿಂಡಿಯಿಂದ ತಂದು
ಗೋಪುರದ ಹೊಟ್ಟೆಗೆ ತುರುಕಿದ ಕಡ್ಡಿ, ಕುರಿಯ ಉಣ್ಣೆ,
ಐಸ್‌ಕ್ರೀಮಿನ ಚಮಚ, ಯಾರದೋ ಕನ್ನಡಕದ ಒಂದು ಕಾಲು.
ನಲವತ್ತೊಂದು ಚೀಲ. ಎಣಿಸಿದವಳು ಲವ್‌ಡೇ,
ಶಾಲೆಯ ಬಸ್ಸು ಓಡಿಸುವವಳು. ದೇವರ ವಿಷಯ ಕೇಳಿದರೆ
‘ನಾನು ಚೀಲ ಹಿಡಿಯಲು ಬಂದವಳು’ ಅನ್ನುತ್ತಾಳೆ.

ನಾನು ಗ್ರೀಸಿನವನು. ಅಂದರೆ ಬೇರಿಂಗುಗಳಿಗೆ
ಗ್ರೀಸು ಮೆತ್ತುವ ಕೆಲಸ ನನ್ನ ಪಾಲಿಗೆ ಬಿತ್ತು.
ಶನಿವಾರ ಶನಿವಾರ ಎಪ್ಪತ್ತೊಂದು ಮೆಟ್ಟಿಲು,
ಒಂದೊಂದಕ್ಕೂ ಮೊಣಕಾಲು ರಸೀದಿ ಹರಿಯುತ್ತದೆ.

ಕಾರ್ನ್‌ವಾಲಿನ ಈ ಮೂಲೆಯಲ್ಲಿ, ಟ್ರೆವಾನಿಕ್ಕಿನಲ್ಲಿ,
ಅಗೆದರೆ ತವರ. ಅಗೆಯುವುದು ನಿಂತು ಕಾಲವಾಯಿತು.
ಗಂಟೆಯ ಕಂಚಿನಲ್ಲಿ ಐದರಲ್ಲೊಂದು ಪಾಲು ತವರವಂತೆ,
ಇಲ್ಲಿಯದೇ ಇರಬೇಕು, ಯಾರು ಕಂಡವರು.
ಮೂರನೆಯ ಗಂಟೆಯನ್ನು ಲಾರಿಗೆ ಬಿಗಿದು
ದೂರದ ಎರಕದ ಮನೆಗೆ ಕಳಿಸಿದ ದಿನ
ತವರಕ್ಕೂ ಒಂದು ತವರಿದೆ ಅನಿಸಿತು.
ದಾರಿಯುದ್ದಕ್ಕೂ ಅದು ಮಾತಾಡಲಿಲ್ಲ.
ನಾಲಗೆ ನಾವೇ ಬಿಚ್ಚಿಟ್ಟಿದ್ದೆವು.

ಗಂಟೆಗಳು ಯಾಕೆ ನಿಂತವು?
ಅರ್ಜಿಯಲ್ಲಿ ಬರೆದಿದ್ದೇವೆ: ಓಕ್ ತೊಲೆಗಳನ್ನು ಹುಳು ತಿಂದಿತು.
ನಿಜ ಬೇರೆ. ತಿಂದದ್ದು ಒಂದು ಊಟ.
ಗಂಟೆಯವರ ವಾರ್ಷಿಕ ಭೋಜನ; ಬಿಲ್ಲು ಹಂಚುವಾಗ
ಹೆಡ್ಲಿ ನ್ಯಾನ್ಸ್ ‘ನಾನು ಪುಡಿಂಗು ತಿಂದಿಲ್ಲ’ ಎಂದ.
‘ತಿಂದಿದ್ದೀಯ’ ಎಂದ ಗಾರ್ಫೀಲ್ಡ್ ಟಾಂಕಿನ್.
ಅಷ್ಟೇ.
ಮುಂದಿನ ಭಾನುವಾರ ಆರು ಹಗ್ಗಕ್ಕೆ ನಾಲ್ವರು,
ಕ್ರಿಸ್‌ಮಸ್ಸಿಗೆ ಇಬ್ಬರು,
ಆಮೇಲೆ ಕಾಗೆಗಳು.
ಹುಳು ಬಂದದ್ದು ಎಲ್ಲರಿಗಿಂತ ಕೊನೆಗೆ,
ಪಾಪ, ಕೆಟ್ಟ ಹೆಸರು ಮಾತ್ರ ಅದಕ್ಕೆ.

ಎರಕದ ಮನೆಗೆ ಮಿನಿಬಸ್ಸಿನಲ್ಲಿ ಹೋದೆವು, ರೋಗಿಯನ್ನು ನೋಡುವಂತೆ
ಕೈಯಲ್ಲಿ ದ್ರಾಕ್ಷಿ ಒಂದಿರಲಿಲ್ಲ.
ಇಮೋಜೆನ್ ಎಂಬ ಹುಡುಗಿ, ಕಿವಿಯ ಮೇಲೆ ಪೆನ್ಸಿಲು,
ಮಗುಚಿಟ್ಟ ಗಂಟೆಯೊಳಗೆ ಟಾರ್ಚು ಬಿಟ್ಟು ಕರೆದಳು:
ನೋಡಿ, ಇನ್ನೂರ ಅರವತ್ತು ವರ್ಷ
ನಾಲಗೆ ಹೊಡೆದದ್ದು ಒಂದೇ ಜಾಗಕ್ಕೆ.
ಅಲ್ಲೊಂದು ತಗ್ಗು, ಹೆಬ್ಬೆರಳು ಕೂರುವಷ್ಟು.
‘ಇನ್ನೂ ಇಲ್ಲೇ ಹೊಡೆದರೆ ಸೀಳುತ್ತದೆ.
ಕಾಲು ಸುತ್ತು ತಿರುಗಿಸಿ ತೂಗುಹಾಕಿದರೆ ಸಾಕು,
ಪೆಟ್ಟು ಹೊಸ ಜಾಗಕ್ಕೆ ಬೀಳುತ್ತದೆ.’
‘ತಗ್ಗು ತುಂಬುವುದಿಲ್ಲವೇ?’ ಲವ್‌ಡೇ ಕೇಳಿದಳು.
‘ಯಾಕೆ ತುಂಬಬೇಕು?’
ಹೆಡ್ಲಿ ಹೆಬ್ಬೆರಳು ಇಟ್ಟು ನೋಡಿದ.
ಬಹಳ ಹೊತ್ತು ತೆಗೆಯಲಿಲ್ಲ.

ಮೇಲೆತ್ತುವ ದಿನ ನಮ್ಮ ರಾಟೆ ಕಚ್ಚಿಕೊಂಡಿತು.
ಊರಲ್ಲಿ ಇನ್ನೊಂದಿದ್ದದ್ದು, ದೋಣಿಯ ಎಂಜಿನ್ ಎತ್ತುವಂಥದ್ದು,
ಗಾರ್ಫೀಲ್ಡನ ಶೆಡ್ಡಿನಲ್ಲಿ. ಬಂದ, ಬೂಟು ಒರೆಸದೆ.
ಹೆಡ್ಲಿ ಮೇಲೆ, ಅಟ್ಟದ ಬಾಯಲ್ಲಿ. ಅವನು ಕೆಳಗೆ, ಸರಪಳಿ ಹಿಡಿದು.
ನಡುವೆ ಗಾಳಿಯಲ್ಲಿ ಆರು ಕ್ವಿಂಟಾಲು ಕಂಚು,
ಏಣಿಯ ಅರ್ಧದಲ್ಲಿ ನಾನು.
‘ಎತ್ತಲು ಹೇಳು’ ಎಂದ ಹೆಡ್ಲಿ. ಹೇಳಿದೆ.
‘ಎಷ್ಟು ಅಂತ ಕೇಳು’ ಎಂದ ಗಾರ್ಫೀಲ್ಡ್. ಕೇಳಿದೆ.
ಎಂಬತ್ತು ದಾಟಿದ ಇಬ್ಬರು ಗಂಡಸರ ನಡುವೆ
ಅಂದು ಇಡೀ ದಿನ ನಾನೇ ನಾಲಗೆ.

ಮೇ ತಿಂಗಳ ಒಂದು ಭಾನುವಾರ. ಆರು ಹಗ್ಗ, ಐದು ಜನ.
ಬಾಗಿಲಲ್ಲಿ ಟೋಪಿ ತಿರುವುತ್ತ ನಿಂತಿದ್ದವನು
ಯಾರೂ ಕರೆಯದೆ ಒಳಬಂದು ಮೂರನೆಯದನ್ನು ಹಿಡಿದ.
ಹೊಸ ಮೈಗೆ ಪೆಟ್ಟು ತಿಂದ ಗಂಟೆ
ಚೂರು ಬೇರೆ ದನಿ ತೆಗೆಯಿತು,
ಇಲ್ಲ, ಬೇರೆಯಾದದ್ದು ನಮ್ಮ ಕಿವಿಯೋ.
ಒಂದು. ಎರಡು.
ಎರಡಕ್ಕೂ ಮೂರಕ್ಕೂ ನಡುವೆ ಬಸ್ಸು ಹಾಯುವಷ್ಟು ಜಾಗ.
ಮೂರು.
‘ತಡವಾಯ್ತು’ ಎಂದ ಹೆಡ್ಲಿ, ಅತ್ತ ನೋಡದೆ.
ಹಗ್ಗ ಮೇಲೆ ಹೋಯಿತು, ಕೆಳಗೆ ಬಂತು.
‘ಗೊತ್ತು’ ಎಂದ ಗಾರ್ಫೀಲ್ಡ್.

ಆಮೇಲೆ ಚಹಾ.
ಲವ್‌ಡೇ ಬಿಸ್ಕತ್ತು ಮಾತ್ರ ತಂದಿದ್ದಳು,
ತಲೆಗೆ ಎರಡರಂತೆ, ಎಣಿಸಿ.