ಸಾದಾ ಗಾಜು

ಪೋಲೆಂಡಿನ ವುಚ್ ಊರಲ್ಲಿ, ಒಂದು ಹಳೆಯ ಚಿತ್ರಮಂದಿರದಲ್ಲಿ
ಟಿಕೆಟು ಹರಿಯುವವನು ನಾನು.
ಭಾನುವಾರ ನಾಲ್ಕರ ಆಟ, ಐದನೇ ಸಾಲು,
ಕಂಬದ ಪಕ್ಕದ ಎರಡು ಕುರ್ಚಿ:
ಪಾನಿ ಝೆನೊಬಿಯಾ, ಆಕೆಯ ಗಂಡ ಅಲೊಯ್ಜಿ.
ನಲವತ್ತು ವರ್ಷ ಟ್ರಾಮ್ ಡಿಪೋ ಎದುರು
ಕನ್ನಡಕದಂಗಡಿ ಇಟ್ಟಿದ್ದವಳು;
ಎದುರಿಗೆ ಬಂದವರ ಮುಖ ನೋಡಿಯೇ ನಂಬರು ಹೇಳುವವಳು.

ದೀಪ ಆರಿತೋ ಇಲ್ಲವೋ, ಪಿಸುಮಾತು ಶುರು.
"ಈ ಪ್ರೊಫೆಸರು ಹಾಕಿರೋದು ಬರೀ ಕಿಟಕಿ ಗಾಜು.
ನಿಜವಾದ ಮೈನಸ್ ಆರು ಆಗಿದ್ದರೆ
ಕೆನ್ನೆಯ ಅಂಚು ಗಾಜಿನೊಳಗೆ ಮುರಿದು
ಅರ್ಧ ಬೆರಳು ಒಳಗೆ ಸರೀಬೇಕಿತ್ತು.
ನೋಡು, ಕನ್ನಡಕ ತೆಗೆದ.
ಮೂಗಿನ ಮೇಲೆ ಎರಡು ಕೆಂಪು ಗುರುತು ಎಲ್ಲಿ?
ಕಣ್ಣು ಕೂಡ ಕಿರಿದು ಮಾಡದೆ ಹೊಡೆದ ಗುಂಡು,
ಇಪ್ಪತ್ತು ಮಾರು ದೂರಕ್ಕೆ. ಬಿದ್ದ, ಮೀಸೆಯವನು.

ಈಗ ಅವಳು ಬಂದಳು. ಹಸಿರು ಕೋಟು. ಕೈಯಲ್ಲಿ ಪೆಟ್ಟಿಗೆ.
ಮನೆ ಬಿಟ್ಟು ಹೋಗುವವಳ ಪೆಟ್ಟಿಗೆಯೇ ಇದು?
ಹೂಬುಟ್ಟಿ ಬೀಸಿದ ಹಾಗೆ ಬೀಸ್ತಾಳೆ.
ಒಂದು ಜೊತೆ ಬೂಟಾದರೂ ಹಾಕಬಾರದಿತ್ತೆ ಒಳಗೆ?
ಕಾಫಿ ಕೊಟ್ಟಳು. ಕಪ್ಪು ಖಾಲಿ. ಇಬ್ಬರೂ ಊದಿ ಊದಿ
ಗಾಳಿ ಕುಡೀತಿದಾರೆ. ಅಳ್ತಿದಾಳೆ, ಒಂದೇ ಕಣ್ಣಲ್ಲಿ,
ಕ್ಯಾಮೆರಾ ಇರೋ ಕಡೆ."

ಅಲೊಯ್ಜಿ ತಲೆಯಾಡಿಸುವನು, ನಗುವನು,
ಕೆಲವೊಮ್ಮೆ ಎಲ್ಲರಿಗಿಂತ ಒಂದು ಚಣ ತಡವಾಗಿ.
ಹಿಂದಿನ ಸಾಲಿನವರ ದೂರು ನನ್ನ ತನಕ ಬರುವುದು.
ಟಾರ್ಚು ಹಿಡಿದು ಹೋಗಿ, ಬಾಗಿ,
"ಪಾನಿ, ದಯವಿಟ್ಟು..." ಅನ್ನುವೆ.
"ಸಿನಿಮಾದಲ್ಲಾದರೆ ನಿನ್ನ ಈ ಟಾರ್ಚು
ಇಡೀ ಗುಹೆ ಬೆಳಗುತ್ತೆ," ಅನ್ನುವಳು.

ಒಂದು ಫೆಬ್ರವರಿ, ಆಟ ಮುಗಿದು ಗುಡಿಸುವಾಗ
ಕುರ್ಚಿಯಡಿ ಸಿಕ್ಕಿತು ಅಲೊಯ್ಜಿಯ ಕನ್ನಡಕ.
ಕಪ್ಪು ಫ್ರೇಮು, ಕಡ್ಡಿಗೆ ಹೊಸ ತಿರುಪು,
ಗಾಜು ಒಂದು ಗೀರಿಲ್ಲದೆ ಥಳಥಳ.
ಯಾರಾದರೂ ಮಾಡುವುದನ್ನೇ ಮಾಡಿದೆ, ಹಾಕಿ ನೋಡಿದೆ.
ಏನೂ ಆಗಲಿಲ್ಲ.
ಪರದೆ ಪರದೆಯಾಗಿಯೇ ಇತ್ತು, ಕಂಬ ಕಂಬ,
ಚೆಲ್ಲಿದ ಪಾಪ್‌ಕಾರ್ನು ಒಂದೊಂದೂ ತನ್ನ ಜಾಗದಲ್ಲಿ ತಾನು.
ಸಾದಾ ಗಾಜು.
ಯಾವ ನಂಬರೂ ಹತ್ತದಾದ ಮೇಲೆ
ಆಕೆಯೇ ಕತ್ತರಿಸಿ ಕೂರಿಸಿದ್ದು.
ಹಸಿರು ಕೋಟು.
ಬಿದ್ದ, ಮೀಸೆಯವನು.
ಕಸಪೊರಕೆ ಹಿಡಿದು ಅಲ್ಲೇ ನಿಂತೆ.
ಎಷ್ಟು ಭಾನುವಾರ ನಾನು ಟಾರ್ಚು ಹಿಡಿದು ಹೋಗಿ
ಒಬ್ಬನ ಸಿನಿಮಾ ನಿಲ್ಲಿಸಿದ್ದೆ.

ಮುಂದಿನ ವಾರ ಹೊರಗೆ ಮೈನಸ್ ಹನ್ನೊಂದು.
ಬಾಗಿಲು ದಾಟಿದ ಕೂಡಲೆ ಆಕೆಯ ಗಾಜಿಗೆ ಮಂಜು ಹಿಡಿಯಿತು.
ಕನ್ನಡಕ ಕೊಟ್ಟೆ.
"ಹಾಕಿಕೊಂಡು ನೋಡಿದೆಯಾ?"
"ಇಲ್ಲ."
ಬಿಳಿಯಾದ ಗಾಜಿನ ಹಿಂದಿನಿಂದ ನನ್ನನ್ನೇ ನೋಡಿದಳು.
ಕಳಪೆ ನಟನೆ. ಆಕೆ ಏನೂ ಅನ್ನಲಿಲ್ಲ.
ಅಲೊಯ್ಜಿ ಏರಿಸಿಕೊಂಡು, "ಆಹಾ, ಈಗ ಸರಿಹೋಯ್ತು," ಅಂದ.
ನನ್ನ ಮೇಜಿನ ಖಾನೆಯಲ್ಲಿ ಬೆಚ್ಚಗಿದ್ದದ್ದು,
ಅದಕ್ಕೆ ಮಂಜು ಹಿಡಿಯಲಿಲ್ಲ.
ಆಮೇಲೆ ದೂರು ತಂದವರಿಗೆಲ್ಲ ಬೇರೆ ಸಾಲು ತೋರಿಸಿದೆ.

ಹೋದ ಚಳಿಗಾಲ ಅಲೊಯ್ಜಿ ತೀರಿಕೊಂಡ.
ಈಸ್ಟರ್ ಕಳೆದು ಬಂದಳು. ಒಂದು ಟಿಕೆಟು, ಅದೇ ಕಂಬ.
ಪರದೆಯ ಮೇಲೆ ಒಬ್ಬ ಡಾಕ್ಟರು; ಅವನ ಕನ್ನಡಕದಲ್ಲಿ
ಸ್ಟುಡಿಯೋದ ನಾಲ್ಕು ದೀಪ ಚೌಕ ಚೌಕವಾಗಿ ಕುಳಿತಿದ್ದವು.
ಹಿಮಪಾತದಿಂದ ನೇರ ಒಲೆಯ ಪಕ್ಕಕ್ಕೆ ಬಂದ,
ಗಾಜು ಹಾಗೇ ತಿಳಿ.
ಮಂಚದ ಮೇಲೆ ಹೆಂಗಸು, ಸತ್ತಿದ್ದಾಳೆ ಎಂದ. ಹೊದಿಕೆ
ಏರಿತು, ಇಳಿಯಿತು.
ಐದನೇ ಸಾಲು ಸುಮ್ಮನಿತ್ತು.
ತಡೆಯಲಾಗಲಿಲ್ಲ ನನಗೆ. ಹಿಂದಿನ ಕುರ್ಚಿಗೆ ಬಂದು, ಬಾಗಿ,
"ಪಾನಿ, ಸತ್ತವಳು ಉಸಿರಾಡ್ತಿದಾಳೆ."
ಆಕೆ ತಿರುಗಲಿಲ್ಲ.
"ಶ್," ಅಂದಳು, "ಆಡಲಿ ಬಿಡು."