ತೊಳೆಯದ ಬಕೆಟ್ಟು

ಒಲ್ಕುಷ್ ದಾಟಿ, ಕ್ರಾಕೋವ್ ರಸ್ತೆಯ ಎಡಕ್ಕೆ,
ಸತುವಿನ ಗಣಿ ಉಗುಳಿದ ದಿಬ್ಬ.
ಬೂದಿಯೂ ಅಲ್ಲ, ಕೆಂಪೂ ಅಲ್ಲ, ಹಳೇ ತಟ್ಟೆಯ ಬಣ್ಣ.
ಗಾಳಿ ಎದ್ದರೆ ಅಮ್ಮ ಒಣಹಾಕಿದ ಬಟ್ಟೆ ಒಳಗೆಳೆಯುತ್ತಿದ್ದಳು.
ಆದರೂ ಅನ್ನುವಾಗ ಹಲ್ಲಡಿ ಕರಕರ.

ಎಂಬತ್ಮೂರರ ಏಪ್ರಿಲ್, ಆಡಳಿತದ ಹುಕುಂ:
ದಿಬ್ಬ ಹಸಿರಾಗತಕ್ಕದ್ದು.
ಲಾರಿ ತುಂಬ ಪೈನ್ ಸಸಿ, ನರ್ಸರಿಯವು,
ಬೇರು ತೊಳೆದು ಕಂತೆ ಕಟ್ಟಿದ್ದು,
ಮೊದಲ ದಿನ ಶಾಲೆಗೆ ಹೊರಟ ಮಕ್ಕಳಷ್ಟು ಚೊಕ್ಕ.
ಅಪ್ಪನ ಪಾಲಿಗೆ ನಲವತ್ತು.
ಅಪ್ಪ, ಇಗ್ನಾತ್ಸಿ, ಸೋಮಾರಿಯೆಂದೇ ಹೆಸರಾದವನು,
ಗಾಳದ ಹುಳಕ್ಕೆಂದು ಅಜ್ಜಿಮನೆ ಹಿಂದಿನ ಕಾಡಲ್ಲಿ ಅಗೆದ ಬಕೆಟ್ಟನ್ನು
ತೊಳೆಯದೆ ತಂದ.
ಅರ್ಧ ಬಕೆಟ್ಟು ಕಪ್ಪು ಮಣ್ಣು, ಸೂಜಿಯೆಲೆ, ಎರಡು ಹುಳ.
ನೀರು ಹೊಯ್ದು ಸಸಿಗಳನ್ನು ಅದರಲ್ಲೇ ಅದ್ದಿ ಅದ್ದಿ ನೆಟ್ಟ.
ಮೇಸ್ತ್ರಿ ಬೈದ.

ಮೂರನೇ ಬೇಸಿಗೆಗೆ ದಿಬ್ಬ ಮತ್ತೆ ಬೋಳು.
ಸಾವಿರಾರು ಸಸಿ ಹಳದಿಯಾಗಿ, ಕಂದಾಗಿ, ಬರೀ ಕಡ್ಡಿ.
ಮೂಲೆಯಲ್ಲಿ ಮೂವತ್ತೊಂದು ಮಾತ್ರ
ಮೊಣಕಾಲೆತ್ತರ ನಿಂತಿದ್ದವು, ಯಾರಿಗೂ ಹೇಳದೆ.

ಈಗ ಆ ಬೇರುಗಳನ್ನು ಕತ್ತರಿಸಿ ಗಾಜಿನ ಮೇಲಿಡುವುದು ನನ್ನ ಕೆಲಸ.
ಸೂಕ್ಷ್ಮದರ್ಶಕದಲ್ಲಿ ಕಾಣುವುದು ಇಷ್ಟು:
ಬೇರಿನ ತುದಿತುದಿಗೂ ಉಣ್ಣೆಯ ಕಾಲುಚೀಲ ಹಾಕಿದ ಹಾಗೆ
ಅಣಬೆಯ ಎಳೆ, ಪದರದ ಮೇಲೆ ಪದರ.
ಸತು ಬಂತೋ, ಅಲ್ಲೇ ಹಿಡಿ.
ಕ್ಯಾಡ್ಮಿಯಂ ಬಂತೋ, ಗೋಡೆಗೆ ಅಂಟಿಸು.
ನೀರನ್ನು, ರಂಜಕವನ್ನು ಒಳಗೆ ಬಿಡು.
ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅನ್ನುತ್ತಾರೆ;
ಈ ಸುಂಕದವನು ಕೇಳಿಸಿಕೊಂಡ.
ಕೂಲಿ, ಎಲೆ ಬೇಯಿಸಿಟ್ಟ ಚೂರು ಸಕ್ಕರೆ.
ಎಲ್ಲವನ್ನೂ ತಡೆದ ಎಂದೇನಲ್ಲ:
ಸೂಜಿಯೆಲೆಯಲ್ಲೂ ಸತುವಿದೆ, ನಾನೇ ಅಳೆದಿದ್ದೇನೆ.
ಸಾಯದಷ್ಟು.

ಅಕ್ಟೋಬರಿನಲ್ಲಿ ಮರದಡಿ ಅಣಬೆ ಏಳುತ್ತವೆ,
ಬೆಣ್ಣೆ ಸವರಿದಂಥ ಕಂದು ಟೋಪಿ.
ಬೋರ್ಡಿದೆ: ಕೀಳಬಾರದು, ತಿನ್ನಬಾರದು.
ಆದರೂ ಬೊಗುಮಿಲಾ ಅತ್ತೆ ಬುಟ್ಟಿ ಹಿಡಿದು ಬರುತ್ತಾಳೆ,
"ನಿಮ್ಮಪ್ಪನದೇ ಅಣಬೆಯಲ್ಲವೇನೆ, ನನಗೇನು ಮಾಡೀತು?"
ಕಿತ್ತುಕೊಂಡು ಸುರಿದುಬಿಡುತ್ತೇನೆ.
ಕ್ರಿಸ್‌ಮಸ್‌ವರೆಗೆ ಮಾತಿಲ್ಲ.

ಅಪ್ಪನಿಗೆ ಒಮ್ಮೆ ಎಲ್ಲ ಹೇಳಿದೆ,
ಪತ್ರಿಕೆಯ ಅಂಚಿನಲ್ಲಿ ಚಿತ್ರ ಬರೆದು.
ಕೆಮ್ಮಿದ. ಹದಿನೇಳು ವರ್ಷ ಸೀಸದ ಧೂಳಿನ ಪಾಳಿ ಅವನದು.
"ನಮಗೆ ಯಾರೂ ಕಾಲುಚೀಲ ಹಾಕಲಿಲ್ಲ" ಅಂದ.
ಚಿತ್ರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ,
ಎದ್ದು, ಬಕೆಟ್ಟು ಎಲ್ಲಿಟ್ಟೆ ಎಂದು
ಹಿತ್ತಲಿಗೆ ಹೋದ.
ಶನಿವಾರ. ಮೀನು ಕಚ್ಚುವ ದಿನ.