ಹೊಳೆಬಾಗಿಲಿನ ಕಟ್ಟೆಯಲ್ಲಿ

ಯಂತ್ರ ಕಳಿಸಿದರೆ ಸಾಲದೆ?
ಚಂದ್ರನಿಗೆ ಮತ್ತೆ ಮನುಷ್ಯನೇ ಯಾಕೆ, ಅಂತ
ಲಾಂಚಿಗೆ ಕಾಯುತ್ತ ಮೇಷ್ಟರು
ಕೋಟಿಗಳ ಲೆಕ್ಕ ಹಾಕುತ್ತಿದ್ದರು.

ಚಾ ಸೋಸುತ್ತಿದ್ದ ಗುತ್ಯಮ್ಮ ಕೇಳಿದಳು:
ಹಳೇ ಹೆಜ್ಜೆ ಇನ್ನೂ ಇದಾವಾ ಅಲ್ಲಿ?
ಇವೆ. ಗಾಳಿಯಿಲ್ಲ, ಮಳೆಯಿಲ್ಲ.

ನಮ್ಮದು ವರ್ಷಾ ಅಳಿಸಿ ಹೋಗತ್ತೆ ಮಾರಾಯ್ರೆ.
ಆದ್ರೂ ಮೇ ತಿಂಗಳು ಹಿನ್ನೀರು ಇಳಿದಾಗ
ಕೆಸರು ತುಳ್ಕಂಡು ಹೋಗ್ತೀವಿ
ಮುಳುಗಿದ ಮನೆ ಹುಡುಕಿ.
ನಕ್ಷೇಲಿ ಇದೆ ಅದು, ಸರ್ವೆ ನಂಬರ್ ಸಮೇತ.
ಮೊನ್ನೆ ಡ್ರೋನ್ ಹಾರಿಸಿ ಫೋಟೋನೂ ತೆಗೆದ್ರು.
ಬಚ್ಚಲ ಕಲ್ಲು ಎಡಕ್ಕೆ ಚೂರು ವಾಲಿದ್ದು
ಅದರಲ್ಲಿ ಎಲ್ಲಿ ಕಾಣತ್ತೆ?
ಹಿಮ್ಮಡಿಗೇ ಗೊತ್ತು ಅದು.

ಲಾಂಚು ಬಂತು.
ಚಿಲ್ಲರೆ ಮರೆತು ಹತ್ತಿದರು ಮೇಷ್ಟರು.
ಅವಳು ದಡದಿಂದ ಕೂಗಿದಳು:
ಹೋದವರನ್ನ ಕೇಳಿ ಬರೀರಿ,
ಅಲ್ಲಿ ನೆಲ
ಯಾವ ಕಡೆ ಜಾರತ್ತೆ ಅಂತ.